ನಿಗದಿತ ಜಾಗದ ಹೊರಗೆ

ಗಂಟಲಿನ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರ ಮಾತನ್ನು ಆಪರೇಷನ್ನಿಗೆ ಮೊದಲೇ ರೆಕಾರ್ಡ್ ಮಾಡಿಡುವ ತಂತ್ರಾಂಶವನ್ನು ನಾಲ್ಕು ವರ್ಷದ ಹಿಂದೆ ಹಾಕಿದವಳೂ ಅವಳೇ. ಆವತ್ತು ತಂತ್ರಾಂಶಗಳನ್ನು ಯಂತ್ರಕ್ಕೆ ಹಾಕಿಕೊಡುವ ಪ್ಯಾಕೇಜ್ ಮ್ಯಾನೇಜರ್ ಪರದೆಯ ಮೇಲೆ ಕೆಂಪಕ್ಷರಗಳಲ್ಲಿ ಸಾಲುಸಾಲಾಗಿ ಎಚ್ಚರಿಸಿತ್ತು: ಈ ತಂತ್ರಾಂಶ ತನ್ನ ಕಡತಗಳನ್ನು ನಿಗದಿತ ಜಾಗದ ಹೊರಗೆ ಇಡುತ್ತಿದೆ, ಮುಂದುವರಿಯಬೇಕೆ?

"ಏನದು ಅಷ್ಟೊಂದು ಕೆಂಪು?" ಎಂದು ಮಾತಿನ ತರಬೇತಿ ಕೊಡುವ ಅಕ್ಕ ಬಗ್ಗಿ ನೋಡಿದ್ದರು.

"ಏನಿಲ್ಲ ಬಿಡಿ ಅಕ್ಕ, ಅದು ಯಾವಾಗ್ಲೂ ಹೀಗೇ ಗೊಣಗ್ತಿರತ್ತೆ," ಎಂದು ಅವಳು 'ಹೌದು' ಒತ್ತಿದ್ದಳು. ಹೊರಗೆ ರೋಗಿಗಳು ಕಾಯುತ್ತಿದ್ದರು.

ಈ ವರ್ಷ ಹಳೆಯ ಯಂತ್ರವನ್ನು ಬದಲಿಸಬೇಕಾಯಿತು. ನಿಗದಿತ ಜಾಗಗಳಲ್ಲಿದ್ದದ್ದನ್ನೆಲ್ಲ ನಕಲು ಮಾಡಿಕೊಂಡಳು, ಎರಡೆರಡು ಸಲ ತಾಳೆ ನೋಡಿದಳು, ಹಳೆಯ ಡಿಸ್ಕನ್ನು ಅಳಿಸಿದಳು. ಹೊಸ ಯಂತ್ರದಲ್ಲಿ ರೋಗಿಗಳ ಪಟ್ಟಿ ಸರಿಯಾಗಿಯೇ ತೆರೆಯಿತು. ಯಾವ ಹೆಸರನ್ನು ಒತ್ತಿದರೂ ದನಿ ಮಾತ್ರ ಬರಲಿಲ್ಲ. ದನಿಯ ಕಡತಗಳೆಲ್ಲ ಅಳಿಸಿದ ಡಿಸ್ಕಿನಲ್ಲೇ, ತಂತ್ರಾಂಶ ಬೇರೆಲ್ಲೋ ತಾನೇ ಮಾಡಿಕೊಂಡಿದ್ದ ಫೋಲ್ಡರಿನಲ್ಲಿದ್ದವು.

ಹೆಚ್ಚಿನವರು ತಮ್ಮ ಪ್ರತಿಯನ್ನು ಆಗಲೇ ಮನೆಗೆ ಒಯ್ದಿದ್ದರು. ಆರು ಜನ ಒಯ್ದಿರಲಿಲ್ಲ. ಅವರಲ್ಲೊಬ್ಬರಾದ ನಿವೃತ್ತ ಬಸ್ ಕಂಡಕ್ಟರ್ ಮೂರನೆಯ ದಿನವೇ ಮಗಳೊಂದಿಗೆ ಬಂದರು. ಕತ್ತಿಗೆ ಬಿಳಿ ಬಟ್ಟೆ, ಕೈಯಲ್ಲೊಂದು ಸ್ಲೇಟು.

"ಡಿಸ್ಕ್ ಕೆಟ್ಟೋಯ್ತು ಅಂದ್ಬಿಡಿ," ಎಂದು ದೊಡ್ಡ ಡಾಕ್ಟರು ಹೇಳಿಕೊಟ್ಟಿದ್ದರು. ಅವಳೂ ತಲೆಯಾಡಿಸಿದ್ದಳು. ಆದರೆ ಮಗಳು ಪೆನ್‌ಡ್ರೈವ್ ಚಾಚಿ, "ಅಪ್ಪ ನನ್ನ ಮಗಳಿಗೆ ಅಂತ ಕಥೆ ಹೇಳಿದಾರಂತೆ, ಅದೂ ಇರಲಿ," ಎಂದಾಗ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಅದು ಹೋಯ್ತು. ನಾನೇ ಅಳಿಸ್ಬಿಟ್ಟೆ. ಎಚ್ಚರಿಕೆ ಬಂದಿತ್ತು, ಲೆಕ್ಕಕ್ಕೆ ತಗೊಳ್ಳಲಿಲ್ಲ."

ಮಗಳು ಎದ್ದು ಹೊರಗೆ ಹೋದಳು. ಕಂಡಕ್ಟರ್ ಸ್ಲೇಟಿನ ಮೇಲೆ ಬರೆದರು: 'ಮೂವತ್ತು ವರ್ಷ ಬಸ್ಸಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗಿದೆ. ಯಾರು ಕೇಳಿದರು?' ಅವಳಿಗೆ ನಗು ಬಂದಂತಾಗಿ ಕಣ್ಣು ತುಂಬಿತು.

ಅಳಿಸಿದ ಡಿಸ್ಕನ್ನು ಅವಳು ಒಂಬತ್ತು ದಿನ ಜಾಲಾಡಿದಳು. ಸಿಕ್ಕಿದ್ದು ನಾಲ್ಕು ಸೆಕೆಂಡಿನ ಚೂರು. ಗಂಡಸೊಬ್ಬರು ಕೆಮ್ಮಿ, "ಶುರು ಮಾಡ್ಲಾ?" ಎನ್ನುತ್ತಿದ್ದರು. ಅದನ್ನು ಹಿಡಿದುಕೊಂಡು ಕಂಡಕ್ಟರ್ ಮನೆಗೇ ಹೋದಳು. ಮಗಳು ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ ಎರಡು ಸಲ ಕೇಳಿದಳು.

"ಅಪ್ಪ ಅಲ್ಲ ಇದು," ಎಂದು ಇಯರ್‌ಫೋನ್ ಬಿಚ್ಚಿ ಅವಳ ಅಂಗೈಯಲ್ಲಿಟ್ಟಳು. "ಪಾಪ, ಯಾರದೋ. ಅವರ ಮನೆಯವರಿಗಾದ್ರೂ ತಲುಪಿಸಿ."

ಉಳಿದ ಐದು ಮನೆಗಳಿಗೂ ಅವಳು ಹೋಗಿ ಬಂದಳು. ಯಾರೂ ಅದು ತಮ್ಮವರ ದನಿ ಎನ್ನಲಿಲ್ಲ.