ಮೈಸೂರು ಮುಟ್ಟದ ಸೀಸೆ

ಡಾಕ್ಟರ್ ಸುದರ್ಶನ್ ಹಾಕಿದ ಹೊಲಿಗೆಗೆ ಇಡೀ ಪಾಂಡವಪುರದಲ್ಲೇ ಸಾಟಿಯಿಲ್ಲ ಎಂದು ಸ್ವತಃ ಡಾಕ್ಟರ್ ಸುದರ್ಶನ್ ಹೇಳಿಕೊಳ್ಳುತ್ತಿದ್ದರು. ಅವರ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಕಮಲಳಿಗೆ ಆ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಕೈ ತೊಳೆಯಲು ಸೋಮಾರಿತನ, ಕನ್ನಡಿ ಮುಂದೆ ಕ್ರಾಪು ತೀಡಲು ಮಾತ್ರ ಕಾಲು ಗಂಟೆ. ಇಂಥವರು ಕೊಯ್ದ ಗಾಯವೂ ಮಾಯುತ್ತಿದ್ದುದು ರೋಗಿಗಳ ಪುಣ್ಯದಿಂದ, ಜೊತೆಗೆ ಕಮಲ ಕುದಿಸಿಡುತ್ತಿದ್ದ ನೀರಿನಿಂದ.

ತೊಣ್ಣೂರಿನ ಬೆಟ್ಟಮ್ಮನ ಗಾಯ ಮಾತ್ರ ಮಾಯಲಿಲ್ಲ. ಅದು ತೊಂಬತ್ತನಾಲ್ಕರ ನಾಟಿ ಸಮಯ. ಅವಳ ಅಂಗಾಲಿನಲ್ಲಿ ದಿನೇ ದಿನೇ ಬೆಳೆಯುತ್ತಿದ್ದ ಕಪ್ಪು ಮಚ್ಚೆಯನ್ನು ಕತ್ತರಿಸಿ ತೆಗೆದು ಏಳು ವಾರವಾಗಿತ್ತು. ಹೊಲಿಗೆ ಬಿಚ್ಚಿದ ಮೇಲೆ ಗಾಯ ಬಾಯಿ ಬಿಟ್ಟಿತ್ತು, ಅಂಚಿನಲ್ಲಿ ಮತ್ತೆ ಕಪ್ಪು ಹರಡುತ್ತಿತ್ತು.

"ಗದ್ದೆ ಕೆಸರಿಗೆ ಇಳಿದಿರ್ತಾಳೆ. ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ" ಎಂದರು ಡಾಕ್ಟರು, ಕಾಲಿನ ಕಡೆ ತಿರುಗಿಯೂ ನೋಡದೆ.

ಕಮಲ ಕೇಸ್ ಹಾಳೆ ತೆಗೆದಳು. ಕತ್ತರಿಸಿದ ಚೂರು ಕ್ಯಾನ್ಸರೋ ಅಲ್ಲವೋ ಎಂದು ಮೈಸೂರಿನ ಲ್ಯಾಬು ಹೇಳಬೇಕಿತ್ತು. ಅಂಥ ಚೂರು ಹಾಕಿದ ಸೀಸೆಗಳನ್ನು ರೋಗಿಯ ಕಡೆಯವರ ಕೈಯಲ್ಲೇ ಕಳಿಸುವುದು ಅಲ್ಲಿನ ಪದ್ಧತಿ. ಹಾಳೆಯ ಮೇಲೆ ಡಾಕ್ಟರ ಅಕ್ಷರದಲ್ಲಿ 'ವರದಿ ಬಂದಿದೆ, ಭಯವಿಲ್ಲ' ಎಂದಿತ್ತು. ವರದಿಯ ಕಾಗದ ಮಾತ್ರ ಎಲ್ಲೂ ಇರಲಿಲ್ಲ.

ಅವಳು ಬೆಟ್ಟಮ್ಮನ ಗಂಡ ದ್ಯಾವಯ್ಯನನ್ನು ಕರೆದಳು. "ಮೈಸೂರಿಗೆ ಸೀಸೆ ಕೊಟ್ಯಲ್ಲ, ಅವರು ಕೊಟ್ಟ ಚೀಟಿ ಎಲ್ಲಿ?"

"ಮೈಸೂರಿಗಾ?" ದ್ಯಾವಯ್ಯ ಕಣ್ಣು ಬಿಟ್ಟ. "ಅದ್ನ ಪಶ್ಚಿಮವಾಹಿನೀಲಿ, ಸತ್ತೋರ ಮೂಳೆ ಬುಡ್ತಾರಲ್ಲ ಕಾವೇರೀಲಿ, ಅಲ್ಲಿ ಬುಟ್ಬುಟ್ಟು ಬಂದೆ ಕಣ್ರವ್ವ. ಬದುಕಿರೋರ ಮೈ ಚೂರ ಮನೇಲಿ ಮಡೀಕಂಡ್ರೆ ಆಗಕಿಲ್ಲ ಅಂದ್ಲು ನಮ್ಮವ್ವ. ಪೂಜೆ ಮಾಡ್ಸಿ, ಒಳೇಲಿ ಬುಟ್ಟು, ತಲೆ ಮ್ಯಾಲೆ ನೀರಾಕ್ಕಂಡು ಬಂದೆ."

ಕಮಲಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಂಡತಿಯ ಜೀವದ ಪ್ರಶ್ನೆಯನ್ನೇ ಹೊಳೆಗೆ ಹಾಕಿ ಮಿಂದು ಬಂದ ದಡ್ಡ ಇವನು. ಬಾರದ ವರದಿಯನ್ನು ಓದಿದ ಆ ಜಾಣನಿಗೆ ಇನ್ನೇನೆನ್ನಬೇಕು? ಅವಳು ಡಾಕ್ಟರ ಕೋಣೆಗೆ ನುಗ್ಗಿ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ವರದಿ ಯಾರು ಕಳಿಸಿದ್ದು ಸಾರ್, ಕಾವೇರಿ ಮೀನಾ?"

ವಿಷಯ ತಿಳಿದು ಡಾಕ್ಟರ ಮುಖ ಬಿಳಿಚಿಕೊಂಡಿತು. "ಸಾಮಾನ್ಯವಾಗಿ ಎಲ್ಲಾ ನಾರ್ಮಲ್ಲೇ ಬರುತ್ತೆ, ಅದಕ್ಕೇ ಬರೆದಿಟ್ಟೆ" ಎಂದು ಗೊಣಗಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಒಂದು ಪತ್ರ ಗೀಚಿದರು. ಅದರ ಕೆಳಗೆ 'ಮೊದಲ ಚೂರಿನ ಪರೀಕ್ಷೆ ಆಗಿಲ್ಲ' ಎಂದು ಕಮಲ ಅವರೆದುರೇ ಬರೆದಳು. ತಡೆಯುವಷ್ಟು ಗಂಡಸುತನ ಅವರಲ್ಲಿರಲಿಲ್ಲ.

ಬೆಟ್ಟಮ್ಮನನ್ನು ಬಸ್ಸಿಗೆ ಹತ್ತಿಸಲು ಹೊರಟ ಕಮಲ ಬಸ್ ಸ್ಟ್ಯಾಂಡಿನವರೆಗೂ ದ್ಯಾವಯ್ಯನಿಗೆ ಉಗಿಯುತ್ತಲೇ ಬಂದಳು. "ಗೊತ್ತಿಲ್ದಿದ್ರೆ ಒಂದು ಮಾತು ಕೇಳಬಾರದಾ? ಬಾಯಿಗೇನು ಬಂದಿತ್ತು?"

"ಕೇಳಿದ್ನಲ್ಲವ್ವ" ಎಂದ ದ್ಯಾವಯ್ಯ ಮೆತ್ತಗೆ. "ಸೀಸೆ ಕೈಗೆ ಕೊಟ್ಟಾಗ, ಇದ್ನ ಏನ್ ಮಾಡ್ಲಿ ಅಂತ ನಿಮ್ಮನ್ನೇ ಕೇಳ್ದೆ. 'ಡಾಕ್ಟ್ರು ಹೇಳಿದ್ದು ತಲೆಗೆ ಹೋಗ್ಲಿಲ್ವಾ, ತಗೊಂಡು ನಡಿಯಯ್ಯ' ಅಂದ್ರಿ. ತಕ್ಕಂಡೋದೆ."

ಹೌದು, ಅದು ಅವಳದೇ ಮಾತು. ದಿನಕ್ಕೆ ಹತ್ತು ಜನಕ್ಕೆ ಅದನ್ನೇ ಅನ್ನುತ್ತಿದ್ದಳು. ಮೈಸೂರಿನ ಬಸ್ಸು ಬಂದಾಗ ಬೆಟ್ಟಮ್ಮನ ರಟ್ಟೆ ಹಿಡಿದು ತಾನೂ ಹತ್ತಿದಳು.