ಒಳಕಲ್ಲಿನ ನೀರು

"ಮಾಘದಲ್ಲಿ ಹಿಂಗೆ ಮಳೆ ಸುರೀತದೆ ಅಂದ್ರೆ, ಯಾರ್ದೋ ಪಾಪ ನಮ್ಜೊತೆ ಬೆಟ್ಟ ಹತ್ತುತಾ ಅದೆ," ಎಂದಳು ಅಮ್ಮಯಮ್ಮ, ಸೊಸೆಯ ಕಡೆ ತಿರುಗದೆಯೇ.

ಶಿವಗಂಗೆಯ ಅರ್ಧ ಬೆಟ್ಟ ಹತ್ತಿದ್ದರು. ದಾಬಸ್‌ಪೇಟೆಯಲ್ಲಿ ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಇಳಿದಾಗ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಈಗ ಹತ್ತು ಮೆಟ್ಟಿಲ ಆಚೆಗೆ ಬೆಟ್ಟವೇ ಕಾಣುತ್ತಿರಲಿಲ್ಲ. ಬೆಳಗಿನ ಚಳಿಗೆಂದು ತಂದಿದ್ದ ಒಂದೇ ಕಂಬಳಿಯನ್ನು ರಾಮಾಂಜಿನಪ್ಪ ತಾಯಿಗೆ ತಲೆ ಮುಚ್ಚುವಂತೆ ಕೊಪ್ಪೆ ಹಾಕಿ ಹೊದಿಸಿದ್ದ. ಹೆಂಡತಿ ನೆನೆಯುತ್ತಿದ್ದುದು ಅವನಿಗೆ ಕಾಣಲಿಲ್ಲವೆಂದಲ್ಲ. ಕಂಡ ಮೇಲೆ ಮೆಟ್ಟಿಲು ನೋಡಿಕೊಂಡು ನಡೆದಿದ್ದ.

ಪಿಳ್ಳಮ್ಮ ಮದುವೆಯಾಗಿ ಬಂದು ಆರು ವರ್ಷ, ಮಡಿಲು ತುಂಬಿರಲಿಲ್ಲ. ಬೆಟ್ಟದ ಮೇಲೆ ಒಳಕಲ್ಲು ತೀರ್ಥವಿದೆ. ಬಂಡೆಯ ಕಿರುಬಿಲದೊಳಗೆ ಕೈ ಇಳಿಸಿದರೆ ಪುಣ್ಯವಂತರಿಗೆ ನೀರು ಸಿಗುತ್ತದೆಂದು ನಂಬಿಕೆ. ಸಿಕ್ಕರೆ ಸೊಸೆ ಇರಲಿ, ಸಿಗದಿದ್ದರೆ ಮಗನಿಗೆ ಹೊಸಕೋಟೆ ಕಡೆಯ ಹೆಣ್ಣು ಎಂದು ಅಮ್ಮಯಮ್ಮ ತೀರ್ಮಾನಿಸಿದ್ದಳು. ಹೆಣ್ಣು ನೋಡಿಯೂ ಆಗಿತ್ತು. "ಅಮ್ಮ ಹೇಳ್ತಾಳೆ, ಏನ್ಮಾಡೋಕಾಗ್ತದೆ?" ಎಂದಿದ್ದ ರಾಮಾಂಜಿನಪ್ಪ, ಮುದ್ದೆ ಮುರಿಯುತ್ತಾ.

ತೀರ್ಥದ ಗುಹೆಯೊಳಗೆ ಅರ್ಚಕರು ದೀಪ ಹಚ್ಚಿಕೊಂಡು ಕೂತಿದ್ದರು. ಅಮ್ಮಯಮ್ಮನೇ ಮೊದಲು ಕೂತು ತೋಳು ಇಳಿಸಿದಳು. ಬಹಳ ಹೊತ್ತು ತಡಕಾಡಿದಳು.

"ಸಿಕ್ತೇನಮ್ಮಾ?" ಅರ್ಚಕರು ಕೇಳಿದರು.

"ಚಳಿಗೆ ಕೈ ಮರಗಟ್ಟೋಗದೆ ಸ್ವಾಮಿ, ತಿಳೀಲಿಲ್ಲ. ಸಿಕ್ಕೇ ಇರ್ತದೆ."

ಅರ್ಚಕರು ದೀಪದ ಬತ್ತಿ ಸರಿಮಾಡಿದರು.

ಸೊಸೆಯ ಸರದಿ ಬಂದಾಗ ಮುದುಕಿಗೆ ಹೊಸ ಚಿಂತೆ. "ಇವಳ ಮೈಯೆಲ್ಲಾ ನೆಂದದೆ ಕಣ್ಲಾ ರಾಮಾಂಜಿ. ಮಳೆ ನೀರೇ ತೋರ್ಸಿ ಸಿಕ್ತು ಅಂದ್ಬುಟ್ರೆ? ಕೈ ಒರ್ಸು."

ರಾಮಾಂಜಿನಪ್ಪ ಪಂಚೆಯ ಚುಂಗಿನಿಂದ ಹೆಂಡತಿಯ ತೋಳು ಒರೆಸಿದ. ಪಂಚೆಯೂ ತೊಯ್ದಿತ್ತು. ಹಿಂಡಿ ಮತ್ತೆ ಒರೆಸಿದ, ಸಂತೆಯಲ್ಲಿ ಎಮ್ಮೆಯ ಕಾಲು ಒರೆಸಿ ನೋಡುವವನಂತೆ. ಆರು ವರ್ಷದಲ್ಲಿ ಅವನು ಅವಳ ಕೈಯನ್ನು ಇಷ್ಟು ಶ್ರದ್ಧೆಯಿಂದ ಹಿಡಿದಿರಲಿಲ್ಲ. ಪಿಳ್ಳಮ್ಮ ಅವನ ಬಗ್ಗಿದ ತಲೆಯನ್ನೇ ನೋಡುತ್ತಾ ನಿಂತಳು. ಅವಳ ಜಡೆಯಿಂದ ನೀರು ಮತ್ತೆ ತೋಳಿಗೇ ಇಳಿಯುತ್ತಿತ್ತು.

"ಬಿಡು ಅತ್ಲಾಗೆ, ಬಾಯಲ್ಲೇ ಹೇಳ್ಲಿ," ಎಂದಳು ಅಮ್ಮಯಮ್ಮ. "ಸುಳ್ಳಾಡಿದ್ರೆ ಗಂಗಮ್ಮ ನೋಡ್ಕೊತಾಳೆ."

ಪಿಳ್ಳಮ್ಮ ಕೂತು ಕೈ ಇಳಿಸಿದಳು. ಮೊಣಕೈ ದಾಟಿತು. ತಣ್ಣಗೆ, ಮಣಿಕಟ್ಟಿನವರೆಗೂ ನೀರು ಬಂದು ಕೈ ಹಿಡಿಯಿತು. ಅವಳು ಕಣ್ಣು ಮುಚ್ಚಿದಳು. ತೆರೆದಾಗ ಎದುರಿಗೆ ಗಂಡ ಒದ್ದೆ ಚುಂಗು ಹಿಡಿದು ನಿಂತಿದ್ದ. ತಾನು ಸಂತೋಷಪಡಬೇಕೋ ಬೇಡವೋ ಎಂದು ತಾಯಿಯ ಮುಖ ನೋಡುತ್ತಿದ್ದ.

"ಸಿಕ್ತಾ?" ಎಂದಳು ಅಮ್ಮಯಮ್ಮ.

"ಇಲ್ಲ," ಎಂದಳು ಪಿಳ್ಳಮ್ಮ. "ಹೊಸಕೋಟೆ ಹೆಣ್ಣನ್ನೇ ತಂದ್ಕೊಳ್ಳಿ ಅತ್ತೆ. ನಾನು ತೂಬಗೆರೆಗೆ, ನಮ್ಮಣ್ಣನ ಮನೆಗೆ ಹೋಗ್ತೀನಿ."

ಸುಳ್ಳಿ ಎಂದು ಬೈಯಲು ಸಿದ್ಧವಾಗಿದ್ದ ಅಮ್ಮಯಮ್ಮನ ಬಾಯಿ ಹಾಗೆಯೇ ತೆರೆದಿತ್ತು.

"ಇನ್ನೊಂದ್ಸಲ ಸರ್ಯಾಗಿ ನೋಡೇ," ಎಂದ ರಾಮಾಂಜಿನಪ್ಪ.

"ನೋಡಿದೆ," ಎಂದಳು, ಅವನತ್ತಲೇ ಕಣ್ಣಿಟ್ಟು.

ಗುಹೆಯ ಬಾಯಿಗೆ ಬಂದು, ಅವರಿಬ್ಬರಿಗೂ ಬೆನ್ನು ಮಾಡಿ, ಪಿಳ್ಳಮ್ಮ ಬಲಗೈಯನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ಉಳಿದ ಹನಿಯನ್ನು ನೆತ್ತಿಗೆ ಸವರಿ, ಮಳೆಯಲ್ಲಿ ಮೆಟ್ಟಿಲು ಇಳಿಯತೊಡಗಿದಳು.