ಒಂದೂಕಾಲು ಇಂಚು

ಕೋಟು ಬಿಗಿಯಾಯಿತೆಂದು ಗಿರಾಕಿಯೊಬ್ಬ ಟೈಲರನ ಕೆನ್ನೆಗೆ ಬಾರಿಸಿದ್ದು ಅಂಗಡಿಯೊಳಗೇ, ಅದೂ ಹೆಂಡತಿಯ ಕಣ್ಣೆದುರಿಗೆ. ಹೊಟ್ಟೆ ಬೆಳೆಸಿಕೊಂಡವನು ಅವನು, ಏಟು ತಿಂದವನು ಇವನು. ಟೈಲರ್ ಕೆನ್ನೆ ಸವರಿಕೊಂಡು, "ಬಿಚ್ಚಿ ಕೊಡಿ ಸಾರ್, ಸಡಿಲ ಮಾಡ್ಕೊಡ್ತೀನಿ" ಅಂದ. ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಹೆಂಡತಿ ಅವತ್ತು ತಲೆ ತಗ್ಗಿಸಿದವಳು ಮತ್ತೆ ಅವನ ಮುಖ ನೋಡಲಿಲ್ಲ. ಅವಳ ಮಾತೆಲ್ಲ ದಾರ, ಗುಂಡಿಗಳಷ್ಟಕ್ಕೇ ನಿಂತುಹೋಯಿತು. ಹದಿನಾರು ವರ್ಷದ ಸಂಸಾರ ಗುಂಡಿ ಡಬ್ಬಿಯೊಳಗೆ ಸೇರಿಕೊಂಡದ್ದು ಅವನಿಗೆ ಆ ಏಟಿಗಿಂತ ಹೆಚ್ಚು ನೋಯಿತು.

ಗಂಡಸುತನ ರಿಪೇರಿ ಮಾಡಿಸಿಕೊಳ್ಳಲು ಅವನು ಗರಡಿಗೆ ಹೋದ. ಅಲ್ಲಿ ಗುರುಗಳೊಬ್ಬರು ಏಳು ತಲೆಮಾರಿನ ಹೊಡೆದಾಟದ ವಿದ್ಯೆ ಕಲಿಸುತ್ತಿದ್ದರು. ಸೇರಲು ಬಂದವನು ಎಂಟು ದಿನ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ, ತುಟಿ ಪಿಟಕ್ಕೆನ್ನದೆ ಕೂತು ನೋಡಬೇಕು. ಒಂಬತ್ತನೇ ದಿನ ಗುರುಗಳ ಪ್ರಶ್ನೆ ಒಂದೇ: ಏನು ಕಂಡೆ? ಸಿಂಹ ಕಂಡೆ, ಸಿಡಿಲು ಕಂಡೆ ಅಂದವರೆಲ್ಲ ಸಲೀಸಾಗಿ ಒಳಗೆ ಸೇರಿದ್ದರು. ಟೈಲರನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವನೋ, ಸೇರುವ ಮೊದಲೇ ಶಿಷ್ಯರು ತೊಡುವಂಥ ಬಿಳಿ ಅಂಗಿ, ಪ್ಯಾಂಟು ಹೊಲಿದು ಇಸ್ತ್ರಿ ಮಾಡಿಟ್ಟುಕೊಂಡ ಆಸಾಮಿ.

ಕೂತೂ ಕೂತೂ ಕಾಲು ಜೋಮು ಹಿಡಿಯಿತು. ಇಪ್ಪತ್ತೆರಡು ಮಂದಿ ಶಿಷ್ಯರು ಗಾಳಿಯನ್ನು ಒದೆಯುತ್ತಿದ್ದರೆ ಇವನು ಅವರ ಪ್ಯಾಂಟು ನೋಡಿದ. ಎಲ್ಲರದೂ ಎಡಗಾಲಿನ ಅಂಚು ಮಾತ್ರ ನೆಲಕ್ಕೆ ಉಜ್ಜಿ ಸವೆದಿತ್ತು. ಯಾಕಿರಬಹುದೆಂದು ಗಮನಿಸಿದರೆ, ಎಲ್ಲರೂ ಎಡಮಂಡಿ ಬಗ್ಗಿಸಿ ಎಡಕ್ಕೆ ವಾಲಿ ನಿಲ್ಲುತ್ತಿದ್ದರು. ಈ ಓರೆ ನಿಲುವೇ ತಮ್ಮ ಗರಡಿಯ ಗುಟ್ಟೆಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ. ಅಷ್ಟರಲ್ಲಿ ಗುರುಗಳು ಎದ್ದು ನಾಲ್ಕು ಹೆಜ್ಜೆ ನಡೆದರು. ಟೈಲರನಿಗೆ ಅಷ್ಟು ಸಾಕಾಯಿತು.

ಒಂಬತ್ತನೇ ದಿನ ಗುರುಗಳು ಕೇಳಿದರು, "ಏನು ಕಂಡೆ?"

"ನಿಮ್ಮ ಎಡಗಾಲು ಒಂದೂಕಾಲು ಇಂಚು ಗಿಡ್ಡ, ಗುರುಗಳೇ. ಅದಕ್ಕೇ ವಾಲ್ತೀರ. ಪಾಪ, ಕಾಲು ನೆಟ್ಟಗಿರೋ ಇವರೂ ನಿಮ್ಮನ್ನ ನೋಡಿ ವಾಲ್ತಾರೆ. ಎಡಗಡೆ ಸ್ವಲ್ಪ ಮಡಚಿ ಹೊಲಿದ್ರೆ ಪ್ಯಾಂಟು ಸವೆಯಲ್ಲ." ಉಪಕಾರ ಮಾಡುವ ಹುರುಪಿನಲ್ಲೇ ಅಂದ, ಪುಣ್ಯಾತ್ಮ.

ಇಪ್ಪತ್ತೆರಡು ಮಂದಿ ಗಾಬರಿಯಲ್ಲಿ ನೆಟ್ಟಗಾದರು. ಗುರುಗಳು ತಮ್ಮತ್ತ ತಿರುಗಿದ ಕೂಡಲೇ ಮತ್ತೆ ವಾಲಿದರು.

"ನಿನ್ನ ಕಣ್ಣಲ್ಲಿ ಭಕ್ತಿ ಇಲ್ಲ. ಈ ಜನ್ಮದಲ್ಲಿ ನಿನಗೆ ವಿದ್ಯೆ ಒಲಿಯಲ್ಲ. ಹೋಗು, ಸೂಜಿಗೆ ದಾರ ಪೋಣಿಸ್ಕೊಂಡಿರು," ಎಂದರು ಗುರುಗಳು.

ಬಾಲ ಮುದುರಿಕೊಂಡು ಬಂದವನು ಹೆಂಡತಿಗೆ ಒಂದನ್ನೂ ಬಿಡದೆ ಹೇಳಿದ. ಎಲ್ಲ ಕೇಳಿಸಿಕೊಂಡು ಅವಳು, "ಕಪ್ಪು ದಾರ ಮುಗಿದಿದೆ" ಅಂದಳು.

ಮರುದಿನ ಮಧ್ಯಾಹ್ನ ಗುರುಗಳೇ ಅಂಗಡಿಗೆ ಬಂದರು. ಅತ್ತಿತ್ತ ನೋಡಿ, ಚೀಲದಿಂದ ನಾಲ್ಕು ಪ್ಯಾಂಟು ತೆಗೆದು ಮೇಜಿನ ಮೇಲೆ ಎಸೆದರು. "ಎಡಗಡೆದು... ನಿನಗೇ ಗೊತ್ತಲ್ಲ. ಯಾರಿಗೂ ತಿಳೀಬಾರ್ದು. ಈಗಲೇ ಆಗ್ಬೇಕು."

ಟೈಲರನ ಕೈ ಅಭ್ಯಾಸಬಲದಿಂದ ಕೊರಳಿನ ಟೇಪಿಗೆ ಹೋಯಿತು. "ಆಯ್ತು ಸಾರ್" ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಹೆಂಡತಿಯ ತಗ್ಗಿದ ತಲೆ ಕಂಡಿತು. ನುಂಗಿಕೊಂಡ.

"ಇಲ್ಲೂ ಒಂದು ಪದ್ಧತಿ ಇದೆ, ಗುರುಗಳೇ. ಹೊಸ ಗಿರಾಕಿ ಎಂಟು ದಿನ ಬಾಗಿಲ ಹತ್ರ ಕೂತು ನೋಡ್ಬೇಕು. ಒಂಬತ್ತನೇ ದಿನ ಹೇಳ್ತೀನಿ."

ಗುರುಗಳ ಕೈ ಮೇಲೆದ್ದಿತು. ಟೈಲರ್ ಕೆನ್ನೆಯನ್ನು ಇದ್ದಲ್ಲಿಂದ ಒಂದು ನೂಲಿನಷ್ಟೂ ಸರಿಸಲಿಲ್ಲ. ಏಳು ತಲೆಮಾರಿನ ಕೈ ಗಾಳಿಯಲ್ಲೇ ಯೋಚನೆ ಮಾಡಿ, ಮೆಲ್ಲಗೆ ಕೆಳಗಿಳಿಯಿತು.

ಹೆಂಡತಿ ತಲೆ ಎತ್ತಿದಳು. ಮೊದಲು ಗಂಡನ ಮುಖವನ್ನು ಕಣ್ತುಂಬ ನೋಡಿದಳು. ಆಮೇಲೆ ಕಾಲಿನಿಂದ ಸ್ಟೂಲನ್ನು ಬಾಗಿಲ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಗುರುಗಳೇ. ಚಪ್ಪಲಿ ಅಲ್ಲೇ ಪಕ್ಕದಲ್ಲಿರ್ಲಿ."